ಹನ್ನೆರಡು ಚುಕ್ಕಿ, ಒಬ್ಬ ಮನುಷ್ಯ

ಘೋಡಗೇರಿಯ ಕಬ್ಬಿನ ಹೊಲದ ಒಡ್ಡಿನ ಮೇಲೆ, ಅರ್ಧ ಕಿಲೋಮೀಟರ್ ಆಚೆ ಯಾರೋ ನಡೆದು ಬರುತ್ತಿದ್ದಾರೆ ಎನ್ನಿ. ಮುಖ ಕಾಣದು, ಅಂಗಿಯ ಬಣ್ಣವೂ ತಿಳಿಯದು. ಆದರೂ ಇತ್ತ ನಿಂತವರು, ‘ನಮ್ಮ ಕಾಕಾ ಬರಾಕತ್ತಾನ ನೋಡು, ನಡಗಿ ಹೇಳತೈತಿ’ ಎಂದುಬಿಡುತ್ತಾರೆ. ಐದೂವರೆ ಅಡಿಯ ಆಳು ಅಷ್ಟು ದೂರವಿದ್ದಾಗ ನಮ್ಮ ಅಕ್ಷಿಪಟಲದ ಮೇಲೆ ಮೂಡುವ ಬಿಂಬದ ಎತ್ತರ ಸುಮಾರು 0.06 ಮಿಲಿಮೀಟರ್. ಒಂದು ತಲೆಗೂದಲಿನ ದಪ್ಪ! ತಲೆ, ತೋಳು, ಕಾಲು ಎಲ್ಲವೂ ಅಷ್ಟರೊಳಗೇ.

ಅದನ್ನು ಹಿಡಿಯಲು ಕಣ್ಣಿನ ಬಳಿ ಇರುವ ದಂಡು ದೊಡ್ಡದು. ಒಂದು ಕಣ್ಣಿನಲ್ಲಿ ಬೆಳಕು ಗ್ರಹಿಸುವ ಕೋಶಗಳೇ 12 ಕೋಟಿಗೂ ಹೆಚ್ಚು; ಅವು ಕಂಡದ್ದನ್ನು ಮಿದುಳಿಗೆ ಒಯ್ಯುವ ನರತಂತುಗಳು ಸುಮಾರು 10 ಲಕ್ಷ. ಅತ್ತ ನಡೆಯುವ ದೇಹದಲ್ಲಿ 206 ಎಲುಬು, 600ಕ್ಕೂ ಹೆಚ್ಚು ಸ್ನಾಯು. ಆದರೆ ಮನುಷ್ಯನ ಗುರುತು ಹತ್ತಲು ಇಷ್ಟೆಲ್ಲ ಬೇಕಾಗಿಯೇ ಇಲ್ಲ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಇದನ್ನು ತೋರಿಸಿಕೊಟ್ಟರು. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹರಡು: ಎರಡೂ ಬದಿ ಸೇರಿ 12 ಚುಕ್ಕಿ ಬೆಳಕು. ಉಳಿದದ್ದೆಲ್ಲ ಕತ್ತಲು. ನಿಂತರೆ ಅರ್ಥವಿಲ್ಲದ ಚುಕ್ಕಿಗಳು, ನಡೆದರೆ ಮನುಷ್ಯ! ಅದಕ್ಕೆ 0.2 ಸೆಕೆಂಡ್ ಸಾಕೆಂದು ಅವರ ಮುಂದಿನ ಪ್ರಯೋಗ ಹೇಳಿತು. ಸಾಮಾನ್ಯ ನಡಿಗೆಯಲ್ಲಿ ಅಷ್ಟು ಹೊತ್ತಿಗೆ ಅರ್ಧ ಹೆಜ್ಜೆಯೂ ಮುಗಿದಿರುವುದಿಲ್ಲ. ಸಿನಿಮಾ ರೀಲಿನ ಲೆಕ್ಕದಲ್ಲಿ ಅದು ಐದು ಚಿತ್ರ. ಪ್ರತಿ ಚುಕ್ಕಿಯ ಜಾಗಕ್ಕೆ ಎರಡು ಅಂಕಿ ಹಿಡಿದರೂ ಒಟ್ಟು 120 ಅಂಕಿ. ಮೊಣಕಾಲು ಎಷ್ಟೇ ತೂಗಲಿ, ಸೊಂಟದಿಂದ ಅದರ ಅಂತರ ಬದಲಾಗದು. ಇಂಥ ನಂಟುಗಳನ್ನು ಹಿಡಿದೇ ಮಿದುಳು ಚುಕ್ಕಿಗಳನ್ನು ಪೋಣಿಸಿ ದೇಹ ಕಟ್ಟುತ್ತದೆ.

ಅವನು ಯಾರು ಎನ್ನುವುದು ಇನ್ನೂ ಕಷ್ಟದ ಪ್ರಶ್ನೆ. 1977ರಲ್ಲಿ ಅಮೆರಿಕದ ಕಟಿಂಗ್ ಮತ್ತು ಕೊಜ್ಲೋವ್‌ಸ್ಕಿ ಆರು ಮಂದಿ ಗೆಳೆಯರ ನಡಿಗೆಯನ್ನು ಅವರಿಗೇ ಬರೀ ಚುಕ್ಕಿಗಳಲ್ಲಿ ತೋರಿಸಿ, ಯಾರದೆಂದು ಕೇಳಿದರು. ಸುಮ್ಮನೆ ಊಹಿಸಿದರೆ ನೂರಕ್ಕೆ 17 ಸರಿಯಾಗಬೇಕು, ಆದದ್ದು 38. ಚುಕ್ಕಿಚಿತ್ರವನ್ನು ತಲೆಕೆಳಗು ಮಾಡಿದರೆ ಮಾತ್ರ ಈ ಜಾಣತನ ಬಹುಪಾಲು ಕೈಕೊಡುತ್ತದೆ: ಚುಕ್ಕಿಗಳು ಅವೇ, ಅವುಗಳ ನಡುವಿನ ಅಂತರವೂ ಅದೇ.

ವರ್ಷಗಟ್ಟಲೆ ನೋಡಿ ನೋಡಿ ಬಂದ ರೂಢಿಯೇ ಇದೆಲ್ಲ? ಕಾಕಾನ ಗುರುತಿಗೆ ಆ ರೂಢಿ ಬೇಕು, ನಿಜ. ಆದರೆ 2008ರಲ್ಲಿ ಇಟಲಿಯ ಸಂಶೋಧಕರು ನವಜಾತ ಶಿಶುಗಳಿಗೆ ನಡೆಯುವ ಕೋಳಿಯ ಚುಕ್ಕಿಚಿತ್ರ ತೋರಿಸಿದಾಗ, ಅಡ್ಡಾದಿಡ್ಡಿ ಚುಕ್ಕಿಗಳಿಗಿಂತ, ತಲೆಕೆಳಗಾದ ಕೋಳಿಗಿಂತ, ನೆಟ್ಟಗೆ ನಡೆಯುವ ಕೋಳಿಯನ್ನೇ ಅವು ಹೆಚ್ಚು ಹೊತ್ತು ನೋಡಿದವು. ಆ ಕೂಸುಗಳ ವಯಸ್ಸು ಎರಡು ದಿನ. ಅವು ಕೋಳಿ ಕಂಡದ್ದೇ ಇಲ್ಲ.