ತಿರುಗುವ ತಟ್ಟೆ, ತಪ್ಪದ ಶ್ರುತಿ

ಗದಗಿನ ಬಾಲಕನೊಬ್ಬನು ಗ್ರಾಮೋಫೋನಿನಿಂದ ಹೊಮ್ಮಿದ ಅಬ್ದುಲ್ ಕರೀಂ ಖಾನರ ಕಂಠಕ್ಕೆ ಮರುಳಾಗಿ, 1933ರಲ್ಲಿ, ಹನ್ನೊಂದರ ಎಳೆಹರೆಯದಲ್ಲಿ ಗುರುವನ್ನರಸುತ್ತ ಮನೆ ಬಿಟ್ಟು ಹೊರಟ ಕಥೆ ಕನ್ನಡಿಗರಿಗೆ ಹೊಸದಲ್ಲ. ಊರೂರು ಅಲೆದು ಬಂದ ಆತನಿಗೆ ಕಡೆಗೆ ಆಶ್ರಯ ದೊರೆತದ್ದು ಅದೇ ಖಾನ್ ಸಾಹೇಬರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಲ್ಲಿ. ಮುಂದೆ ಆತನೇ ಭೀಮಸೇನ ಜೋಶಿ ಎಂದು ಲೋಕವಿಖ್ಯಾತನಾದನು. ಈ ಕಥೆಯಲ್ಲಿ ಗಾಯಕನಿಗೆ ಸಲ್ಲಬೇಕಾದ ಗೌರವ ಸಂದಿದೆ. ಆದರೆ ಅರಗಿನ ಪ್ಲೇಟನ್ನು ಹೊತ್ತು ಸುತ್ತಿ, ಆ ಕಂಠವನ್ನು ಬಾಲಕನ ಕಿವಿಗೆ ಮುಟ್ಟಿಸಿದ ತಟ್ಟೆಯನ್ನು ನೆನೆಯುವವರು ಯಾರು?

ನೆನೆಯುವವರಿದ್ದಾರೆ. ಹಳೆಯ ಟರ್ನ್‌ಟೇಬಲ್ಲುಗಳನ್ನು ಹುಡುಕಿ ತಂದು, ಬಿಚ್ಚಿ ತೊಳೆದು, ಎಣ್ಣೆಯೂಡಿ, ದಿನವೂ ನುಡಿಸುವ ರಸಿಕರ ಪಂಗಡವೊಂದು ಲೋಕದ ಎಲ್ಲೆಡೆಯೂ ಉಂಟು. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಧೂಳು ಹಿಡಿದ ಪೆಟ್ಟಿಗೆಗಳ ನಡುವೆ ಇಂಥವರು ಬಗ್ಗಿ ನಿಂತಿರುವುದನ್ನು ಕಾಣಬಹುದು. ಸಂಗ್ರಹವೆಂದೊಡನೆ ಹಲವರ ಕಣ್ಣಿಗೆ ಕಟ್ಟುವುದು ಥಳಥಳಿಸುವ ಹಿತ್ತಾಳೆಯ ತುತ್ತೂರಿಯ ಗ್ರಾಮೋಫೋನು. ಅಂಗಡಿಗಳಲ್ಲಿ ಪುರಾತನವೆಂದು ಮಾರುವ ಇಂಥವುಗಳಲ್ಲಿ ಎಷ್ಟೋ ಕೂಡಿಸಿಟ್ಟವು. ತುತ್ತೂರಿ ನಿನ್ನೆಯದು, ಪೆಟ್ಟಿಗೆ ಇಂದಿನದು, ಒಳಗಿನ ಮೋಟಾರು ಮಾತ್ರ ಯಾವುದೋ ಹಳೆಯ ಯಂತ್ರದಿಂದ ಕಿತ್ತದ್ದು. ದಿವಾನಖಾನೆಯ ಅಲಂಕಾರಕ್ಕೆ ಅದು ಸಾಕು. ಬಲ್ಲವರು ಅದರತ್ತ ತಿರುಗಿಯೂ ನೋಡರು.

ಅವರು ಅರಸುವುದು ತುತ್ತೂರಿಯಿಲ್ಲದ, ನೋಟಕ್ಕೆ ಒರಟಾದ ಬೇರೊಂದು ಯಂತ್ರವನ್ನು. ಇಂಗ್ಲೆಂಡಿನ ಸ್ವಿಂಡನ್ ನಗರದಲ್ಲಿ ತಯಾರಾಗಿ 1954ರಲ್ಲಿ ಹೊರಬಂದ ಗ್ಯಾರಾರ್ಡ್ 301 ಎಂಬುದು ಅಂಥವುಗಳಲ್ಲಿ ಅಗ್ರಗಣ್ಯ. ಗ್ಯಾರಾರ್ಡ್ ಎಂಬುದು ಮೂಲತಃ ಲಂಡನ್ನಿನ ರಾಜಮನೆತನದ ಆಭರಣಕಾರರ ಹೆಸರು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಫಿರಂಗಿಗಳಿಗೆ ದೂರವಳೆಯುವ ಉಪಕರಣಗಳನ್ನು ಮಾಡಲೆಂದು ಅವರು ಒಂದು ಯಂತ್ರಶಾಲೆಯನ್ನು ತೆರೆದರು; ಯುದ್ಧ ಮುಗಿದ ಮೇಲೆ ಅದೇ ಶಾಲೆ ಗ್ರಾಮೋಫೋನಿನ ಮೋಟಾರುಗಳತ್ತ ಹೊರಳಿತು. ವಜ್ರ ಕೂರಿಸುವ ಕೈಯ ನಿಷ್ಕೃಷ್ಟತೆ ಫಿರಂಗಿಯ ಮೂಲಕ ಹಾದು ಸಂಗೀತಕ್ಕೆ ಒದಗಿದ್ದು ವಿಚಿತ್ರವಲ್ಲವೆ? ಸ್ವಿಟ್ಜರ್ಲೆಂಡಿನ ಥೋರೆನ್ಸ್ ಸಂಸ್ಥೆಯ ಟಿಡಿ 124 ಎಂಬ ಯಂತ್ರ 1957ರಲ್ಲಿ ಬಂದು ಇದಕ್ಕೆ ಸರಿದೊರೆಯಾಯಿತು.

ಇವುಗಳ ಹಿರಿಮೆ ಇರುವುದು ವೇಗದ ಹಿಡಿತದಲ್ಲಿ. ಗ್ಯಾರಾರ್ಡಿನಲ್ಲಿ ಮೋಟಾರಿನ ದಂಡಕ್ಕೂ ಭಾರವಾದ ತಟ್ಟೆಯ ಒಳ ಅಂಚಿಗೂ ನಡುವೆ ರಬ್ಬರಿನ ಪುಟ್ಟ ಗಾಲಿಯೊಂದು ಒತ್ತಿಕೊಂಡು ತಿರುಗುತ್ತದೆ. ನಿಮಿಷಕ್ಕೆ 33⅓, 45, 78 ಸುತ್ತು ಎಂಬ ಮೂರು ವೇಗಗಳುಂಟು. ಅದರ ಮೇಲೆ, ಆಯಸ್ಕಾಂತದ ತಡೆಯೊಂದರಿಂದ ವೇಗವನ್ನು ತುಸು ಏರಿಸುವ, ತುಸು ಇಳಿಸುವ ಗುಂಡಿಯೂ ಇದೆ. ಈ ಗುಂಡಿಯೇ ಸಂಗೀತಪ್ರಿಯರ ಪಾಲಿಗೆ ನಿಧಿ.

ಕಾರಣ ಸರಳ. ತಟ್ಟೆಯ ವೇಗ ಶೇಕಡಾ 6ರಷ್ಟು ಹೆಚ್ಚಿದರೆ ಶ್ರುತಿ ಹಾರ್ಮೋನಿಯಮಿನ ಒಂದು ಮನೆಯಷ್ಟು ಮೇಲೇರುತ್ತದೆ; ತಗ್ಗಿದರೆ ಅಷ್ಟೇ ಕೆಳಗಿಳಿಯುತ್ತದೆ. ಗಾಯಕಿ ಆಯ್ದುಕೊಂಡ ಆಧಾರ ಷಡ್ಜವೇ ಬದಲಾಗಿ, ತುಂಬುಕಂಠ ಕೀಚಲಾಗಬಹುದು, ವಿಳಂಬದ ಗಾಂಭೀರ್ಯ ಅವಸರವಾಗಬಹುದು. ಹಳೆಯ ಪ್ಲೇಟುಗಳೆಲ್ಲ 78ರ ವೇಗದವೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಗಾಯನವನ್ನು ಮುದ್ರಿಸಿದಾಗ ಅಂಥ ನಿಯಮವಿನ್ನೂ ನೆಲೆಗೊಂಡಿರಲಿಲ್ಲ. ಆದ್ದರಿಂದ ಸಂಗ್ರಾಹಕನು ಗುಂಡಿಯ ಮೇಲೆ ಬೆರಳಿಟ್ಟು ಕಿವಿಗೊಡುತ್ತಾನೆ. ಹಿನ್ನೆಲೆಯಲ್ಲಿ ಹಾರ್ಮೋನಿಯಂ ಇದ್ದರೆ ಅದೊಂದು ಸುಳಿವು: ಅದರ ಸ್ವರ ಎರಡು ಮನೆಗಳ ನಡುವೆ ತೂಗಾಡುತ್ತಿದ್ದರೆ ವೇಗ ತಪ್ಪಿದೆಯೆಂದೇ ಅರ್ಥ.

ವೇಗವನ್ನಳೆಯುವ ಹಳೆಯ ಉಪಾಯವೂ ಸೊಗಸಾದುದು. ವೃತ್ತಾಕಾರದ ಕಾಗದದ ಅಂಚಿನಲ್ಲಿ 77 ಕಪ್ಪು ಗೆರೆಗಳನ್ನು ಮುದ್ರಿಸಿ ತಟ್ಟೆಯ ಮೇಲಿಡುತ್ತಾರೆ. ನಮ್ಮ ಮನೆಗಳ ವಿದ್ಯುತ್ತಿನಲ್ಲಿ ನಿಯಾನ್ ದೀಪವು ಸೆಕೆಂಡಿಗೆ 100 ಬಾರಿ ಮಿಣುಕುತ್ತದೆ. ಆ ಬೆಳಕಿನಲ್ಲಿ ಗೆರೆಗಳು ನಿಶ್ಚಲವಾಗಿ ನಿಂತಂತೆ ಕಂಡರೆ ವೇಗ ಸರಿ. ಮುಂದೆ ಹರಿದರೆ ಹೆಚ್ಚು, ಹಿಂದೆ ಸರಿದರೆ ಕಡಿಮೆ. (ಲೆಕ್ಕ ಮಾಡಿ ನೋಡಿದರೆ ಆ ವೇಗ 78 ಅಲ್ಲ, 77.92!) ಇಂದಿನ ಎಲ್‌ಇಡಿ ದೀಪಗಳಲ್ಲಿ ಎಲ್ಲವೂ ಹೀಗೆ ಮಿಣುಕವು, ಹಾಗಾಗಿ ಹಳೆಯ ತಟ್ಟೆಯೊಡನೆ ಹಳೆಯ ದೀಪವನ್ನೂ ಜೋಪಾನ ಮಾಡಬೇಕಾಗುತ್ತದೆ.

ಕಸುಬಿನ ಕಷ್ಟಗಳೂ ಉಂಟು. ಯಂತ್ರವನ್ನು ಚಾಲನೆಯ ಸ್ಥಿತಿಯಲ್ಲೇ ವರ್ಷಗಟ್ಟಲೆ ಮೂಲೆಗೆಸೆದಿದ್ದರೆ ರಬ್ಬರಿನ ಗಾಲಿ ಒತ್ತಿದೆಡೆಯಲ್ಲಿ ಚಪ್ಪಟೆಯಾಗಿ, ಸುತ್ತು ಸುತ್ತಿಗೂ ಗುಡ್‌ಗುಡ್ ಎನ್ನುತ್ತದೆ. 1970ರ ದಶಕದಲ್ಲಿ ನಮ್ಮ ಮಧ್ಯಮವರ್ಗದ ಮನೆಗಳನ್ನು ಹೊಕ್ಕ ಎಚ್.ಎಂ.ವಿ. ಫಿಯೆಸ್ಟಾದಂಥ ಪುಟ್ಟ ಪ್ಲೇಯರುಗಳು ಈಗ ಅಟ್ಟದ ಮೇಲೆ ಯಾವ ಅವಸ್ಥೆಯಲ್ಲಿವೆಯೋ ಮನೆಯವರೇ ಹತ್ತಿ ನೋಡಬೇಕು. ಒಂದು ಮಾತನ್ನಂತೂ ಮರೆಯಬಾರದು. 78ರ ಪ್ಲೇಟಿನ ಗೀರು ಅಗಲ. ಅದಕ್ಕೆ ಅಂಗುಲದ ಸಾವಿರದಲ್ಲಿ ಮೂರು ಭಾಗದ ತುದಿಯುಳ್ಳ ಮುಳ್ಳು ಬೇಕು. ಲಾಂಗ್ ಪ್ಲೇ ರೆಕಾರ್ಡಿಗೆ ಅದರ ಮೂರನೆಯ ಒಂದಂಶ ಸಾಕು. ಒಂದರದನ್ನು ಇನ್ನೊಂದಕ್ಕೆ ತೊಡಿಸಿದರೆ ಪ್ಲೇಟಿಗೂ ಕೇಡು, ಕಿವಿಗೂ ಕೇಡು.

ಕೇಡಿನ ಈ ಪ್ರಶ್ನೆಯೇ ಹವ್ಯಾಸದ ಮರ್ಮ. ಕೀಲಿ ಕೊಡುವ ಗ್ರಾಮೋಫೋನಿನಲ್ಲಿ ನೂರು ಗ್ರಾಂಗೂ ಮಿಕ್ಕಿದ ಭಾರವು ಉಕ್ಕಿನ ಮುಳ್ಳಿನ ಮೂಲಕ ಅರಗಿನ ಗೀರನ್ನು ಒತ್ತುತ್ತದೆ. ಅರಗಿನೊಡನೆ ಬೆರೆಸಿದ ಕಲ್ಲಿನ ಪುಡಿ ಮುಳ್ಳನ್ನು ಸವೆಸುತ್ತದೆ, ಮುಳ್ಳು ಗೀರನ್ನು ಸವೆಸುತ್ತದೆ. ಪ್ರತಿ ಬದಿಗೂ ಹೊಸ ಮುಳ್ಳು ಹಾಕಿದರೂ ಪ್ರತಿ ಆಲಿಕೆಯೂ ಪ್ಲೇಟಿನಿಂದ ಒಂದಿಷ್ಟನ್ನು ಕಿತ್ತುಕೊಂಡೇ ಹೋಗುತ್ತದೆ. ಕೇಳಬೇಕೋ, ಕಾಪಾಡಬೇಕೋ? ಐವತ್ತರ ದಶಕದ ಟರ್ನ್‌ಟೇಬಲ್ಲು ಇಲ್ಲಿ ನಡುವಿನ ದಾರಿ ತೋರಿತು. ಅದರ ಮೇಲೆ ಕೆಲವೇ ಗ್ರಾಂ ತೂಗುವ ಇಂದಿನ ಪಿಕಪ್ಪನ್ನು ಕೂರಿಸಿದರೆ ನೂರು ವರ್ಷದ ಪ್ಲೇಟೂ ಹೆಚ್ಚು ನೋಯದೆ ನುಡಿಯುತ್ತದೆ. 1972ರಲ್ಲಿ ಬಂದ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಎಷ್ಟೇ ಕೀರ್ತಿ ಗಳಿಸಿದರೂ, 78ರ ವೇಗವನ್ನು ಅದು ಕೈಬಿಟ್ಟಿತ್ತು. ಹಳೆಯ ಗ್ಯಾರಾರ್ಡು ಕೈಬಿಡಲಿಲ್ಲ. ಅದರ ಬೆಲೆ ಗಗನಕ್ಕೇರಿರುವುದು ಬರಿಯ ಷೋಕಿಯಿಂದಲ್ಲ.

ಗೌಹರ್ ಜಾನ್ 1928ರಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು. ಅವಳ ಮೊದಲ ಪ್ಲೇಟುಗಳು ಅಚ್ಚಾದದ್ದು ದೂರದ ಜರ್ಮನಿಯ ಹಾನೋವರಿನಲ್ಲಿ. ಯಾರ ಹಾಡೆಂಬುದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಹಾಡಿನ ಕೊನೆಗೆ ಅವಳು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದಳು. ವೇಗ ಮೀರಿದ ಯಂತ್ರದಲ್ಲಿ ಆ ಘೋಷಣೆ ಆಟದ ಬೊಂಬೆಯ ಚೀರಾಟ. ಬಲ್ಲವನು ಗುಂಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ಮುಳ್ಳನ್ನು ಮತ್ತೆ ಅಂಚಿಗೆ ತಂದಿಡುತ್ತಾನೆ. ಹಾಡು ಮುಗಿಯುತ್ತದೆ, ಮೂವತ್ತು ವರ್ಷ ತುಂಬದ ಹೆಂಗಸೊಬ್ಬಳು, ತುಸು ನಗುತ್ತ, ತುಸು ಜಂಬದಿಂದ, ತಾನು ಯಾರೆಂದು ಹೇಳುತ್ತಾಳೆ.