ಮಾತಿನ ಕತ್ತಿ ಒರೆಯಲ್ಲಿರಲಿ



ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ರಣಕಹಳೆ ಮೊಳಗುತ್ತದೆ. ಕ್ಷೇತ್ರ 'ರಣಾಂಗಣ'ವಾಗುತ್ತದೆ, ಅಭ್ಯರ್ಥಿಗಳು 'ಹುರಿಯಾಳು'ಗಳಾಗುತ್ತಾರೆ, ಭಾಷಣ 'ವಾಗ್ದಾಳಿ'ಯಾಗುತ್ತದೆ. ಮತ ಹಾಕುವವರು ಮಾತ್ರ ಅಕ್ಕಪಕ್ಕದ ಮನೆಯವರೇ. ಫಲಿತಾಂಶದ ಮರುದಿನವೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯಬೇಕಾದವರು.

ಯುದ್ಧದ ಮಾತು ಜನರನ್ನು ಬೇಗ ಎಚ್ಚರಿಸುತ್ತದೆ, ಒಟ್ಟುಗೂಡಿಸುತ್ತದೆ. 1964ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ಮೇಲೆ ಯುದ್ಧ ಸಾರಿದರು. ಉದ್ದೇಶ ಒಳ್ಳೆಯದೇ. ಆದರೆ ಯುದ್ಧವೆಂದ ಮೇಲೆ ಶತ್ರು ಬೇಕು. 1971ರಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಮಾದಕ ವಸ್ತುಗಳ ದುರ್ಬಳಕೆಯನ್ನು ದೇಶದ ಮೊದಲ ಶತ್ರು ಎಂದು ಕರೆದರು. ಮುಂದಿನ ದಶಕಗಳಲ್ಲಿ, ಚಿಕಿತ್ಸೆ ಬೇಕಿದ್ದ ಅನೇಕ ವ್ಯಸನಿಗಳು ಸೆರೆಮನೆ ಸೇರಿದರು. ರೋಗವನ್ನು ಹೊಡೆಯಹೊರಟ ಏಟು ರೋಗಿಗೆ ಬಿತ್ತು.

ನಮ್ಮ ದೇಶದಲ್ಲಿ 2020ರ ಮಾರ್ಚ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಮಹಾಭಾರತದ ಯುದ್ಧವನ್ನು 18 ದಿನಗಳಲ್ಲಿ ಗೆದ್ದದ್ದನ್ನು ನೆನಪಿಸಿ, ಕೊರೊನಾ ಯುದ್ಧಕ್ಕೆ 21 ದಿನಗಳ ಗುರಿ ಇಟ್ಟರು. ರೋಗ ಆ ಗಡುವಿಗೆ ಬಗ್ಗಲಿಲ್ಲ. ಆರೋಗ್ಯ ಸಿಬ್ಬಂದಿ 'ಕೊರೊನಾ ಯೋಧ'ರಾದರು. ಮೇ 3ರಂದು ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂಮಳೆಗರೆದವು. ಜುಲೈಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ ಮುಷ್ಕರ ಹೂಡಬೇಕಾಯಿತು. ಯೋಧರೆಂದು ಕರೆದವರಿಂದ ನಾವು ತ್ಯಾಗ ಬಯಸುತ್ತೇವೆ. ಅವರ ಸಂಬಳದ ಮಾತು ಮರೆತುಹೋಗುತ್ತದೆ.

ಅದೇ ವರ್ಷ ಪಾಸ್ಕ ಹಬ್ಬದ ಮುನ್ನಾದಿನ ಜರ್ಮನಿಯ ಅಧ್ಯಕ್ಷ ಸ್ಟೈನ್‌ಮಾಯರ್, ಈ ಸಾಂಕ್ರಾಮಿಕ ಯುದ್ಧವಲ್ಲ, ನಮ್ಮ ಮಾನವೀಯತೆಯ ಪರೀಕ್ಷೆ ಎಂದು ತಮ್ಮ ಜನರಿಗೆ ಹೇಳಿದರು. ಪರೀಕ್ಷೆ ಎಂದಾಗ ನಮ್ಮ ಕಣ್ಣು ಶತ್ರುವನ್ನು ಹುಡುಕುವುದಿಲ್ಲ, ನಮ್ಮನ್ನೇ ನೋಡಿಕೊಳ್ಳುತ್ತದೆ.

"ಸ್ವಾಮಿ, ಸಂತ ಪೌಲರೂ ಎಫೆಸದವರಿಗೆ ಕವಚ, ಗುರಾಣಿ, ಕತ್ತಿಗಳ ಬಗ್ಗೆ ಬರೆದರಲ್ಲವೇ?" ಎಂದು ನೀವು ಕೇಳಬಹುದು. ಹೌದು, ಬರೆದರು. ಆದರೆ ನಮ್ಮ ಹೋರಾಟ ಮನುಷ್ಯರ ವಿರುದ್ಧವಲ್ಲ ಎಂದು ಅಲ್ಲಿಯೇ ಸ್ಪಷ್ಟಪಡಿಸಿದರು. ಆ ಎಚ್ಚರಿಕೆಯನ್ನು ಬಿಟ್ಟು ಆಯುಧವನ್ನಷ್ಟೇ ನಾವು ಎತ್ತಿಕೊಳ್ಳಬಾರದು.

ಸಾವಿನ ಮನೆಗೆ ಹೋದಾಗ "ಕ್ಯಾನ್ಸರ್ ವಿರುದ್ಧ ಹೋರಾಡಿ ಸೋತರು" ಎನ್ನುತ್ತೇವೆ. ಪಕ್ಕದಲ್ಲೇ ಕುಳಿತ ಮಗಳಿಗೆ ಆ ಮಾತು ಹೇಗೆ ಕೇಳಿಸೀತು? ಅವಳ ತಂದೆ ಸೋಲಲಿಲ್ಲ. ಕಾಯಿಲೆ ಬಂದಿತ್ತು, ತೀರಿಕೊಂಡರು. ಅಷ್ಟನ್ನೇ ಹೇಳಿ, ಅವಳ ಕೈ ಹಿಡಿದು ಸ್ವಲ್ಪ ಹೊತ್ತು ಕೂರೋಣ.