ಗಾಜಿನ ತೊಟ್ಟಿಯಲ್ಲಿ ಅಡಗಿದ ಗುಣಗಳು



ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸ ನಮ್ಮ ಪಟ್ಟಣಗಳಲ್ಲಿ ಹೊಸದೇನೂ ಅಲ್ಲ. ಸಾಯಂಕಾಲ ದಣಿದು ಬಂದವರಿಗೆ ಅದರ ಮುಂದೆ ಸುಮ್ಮನೆ ಕುಳಿತಿರುವುದೇ ಒಂದು ವಿಶ್ರಾಂತಿ. ಆದರೆ ಮೀನನ್ನು ನೋಡಿ ನಲಿಯುವುದು ಬೇರೆ, ಮೀನಿನ ವಂಶವನ್ನು ಬೆಳಸುವುದು ಬೇರೆ. ಎರಡನೆಯ ಕೆಲಸಕ್ಕೆ ಕೈಹಾಕಿದವನು ಕಣ್ಣಿಗೆ ಕಾಣುವುದನ್ನು ಮಾತ್ರ ನಂಬಿದರೆ ಮೋಸಹೋಗುತ್ತಾನೆ. ಇದಕ್ಕೆ ನಮ್ಮ ಅವಿವೇಕವೇ ಸಾಕ್ಷಿಯಾಗಿರುವುದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಒಂದು ಜೊತೆ ಗಪ್ಪಿ ಮೀನುಗಳನ್ನು ಕೊಂಡುತಂದೆವು. ಟ್ರಿನಿಡಾಡ್ ದ್ವೀಪ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ ಇವುಗಳ ತವರು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಕರ್ನಾಟಕದ ಹಳ್ಳಿಗಳ ಬಾವಿಗಳಿಗೆ ಬಿಟ್ಟಿರುವ ಮೀನುಗಳಲ್ಲಿ ಇದೂ ಒಂದು. ನಾವು ತಂದ ಜೊತೆಯಲ್ಲಿ ಗಂಡಿಗೂ ಹೆಣ್ಣಿಗೂ ಬೂದುಬಣ್ಣದ ಮೈ, ಕರಿಯ ಕಣ್ಣು. ತಿಂಗಳು ತುಂಬುವುದರೊಳಗೆ ಹೆಣ್ಣು ಇಪ್ಪತ್ತನಾಲ್ಕು ಮರಿಗಳನ್ನು ಹಾಕಿತು. ಅವುಗಳಲ್ಲಿ ಐದರ ಮೈ ಬಿಳಿಚಿಕೊಂಡಿತ್ತು. ಕಣ್ಣುಗಳು ಕುಂಕುಮದ ಚುಕ್ಕೆಗಳಂತೆ ಕೆಂಪಗಿದ್ದುವು.

ನಮಗೆ ಸಿಟ್ಟು ಬಂತು. ಯಾವುದೋ ಕೆಂಗಣ್ಣಿನ ಗಂಡಿನೊಡನೆ ಕೂಡಿದ್ದ ಹೆಣ್ಣನ್ನು ಶುದ್ಧ ತಳಿಯೆಂದು ನಮಗೆ ಮಾರಿದನೆಂದು ಅಂಗಡಿಯವನನ್ನು ನಾಲ್ಕು ಜನರೆದುರಿಗೆ ದೂರಿದೆವು. ಆತ ಶಾಂತವಾಗಿಯೇ ಉತ್ತರಕೊಟ್ಟ: "ಸ್ವಾಮಿ, ಆ ಗಂಡು ಕೆಂಗಣ್ಣಿನದೇ ಆಗಿತ್ತು ಅನ್ನಿ. ಹೆಣ್ಣಿನಲ್ಲೂ ಇಲ್ಲದೆ ಮರಿಗೆ ಕೆಂಗಣ್ಣು ಬರುತ್ತದೆಯೆ? ಎರಡು ಕಡೆಯಿಂದಲೂ ಬರಬೇಕು. ಹೆಣ್ಣಿನ ಮೈಯೊಳಗೆ ಇದ್ದದ್ದು ನನಗೆ ಹೇಗೆ ಕಾಣಬೇಕು?" ಕಾಲೇಜಿನಲ್ಲಿ ಗಣಿತವನ್ನು ಬೋಧಿಸುವ ನಾವು ತಲೆತಗ್ಗಿಸಿ ಮನೆಗೆ ಬಂದೆವು. ಆತನ ಮಾತು ಅಕ್ಷರಶಃ ಶಾಸ್ತ್ರಸಮ್ಮತವಾಗಿತ್ತು.

ಆ ಶಾಸ್ತ್ರದ ಮೂಲಪುರುಷನು ಬ್ರನ್ ಪಟ್ಟಣದ ಮಠವೊಂದರ ಸಂನ್ಯಾಸಿ ಗ್ರೆಗರ್ ಮೆಂಡೆಲ್. ಬಟಾಣಿ ಗಿಡಗಳ ಮೇಲೆ ತಾನು ಮಾಡಿದ ಪ್ರಯೋಗಗಳನ್ನು ಆತನು ೧೮೬೫ರಲ್ಲಿ ಓದಿ, ಮರುವರ್ಷ ಅಚ್ಚುಮಾಡಿಸಿದನು. ೧೯೦೦ರವರೆಗೆ ವಿದ್ವಾಂಸರು ಅದರ ಬೆಲೆಯನ್ನು ಅರಿಯಲಿಲ್ಲ. ಮೀನುಗಳಿಗೂ ಅದೇ ನಿಯಮ ಸಲ್ಲುವುದೆಂಬುದನ್ನು ೧೯೧೬ರಲ್ಲಿ ಜಪಾನಿನ ತೊಯಾಮ ಎಂಬಾತನು ಅಲ್ಲಿಯ ಬತ್ತದ ಗದ್ದೆಗಳಲ್ಲಿ ವಾಸಿಸುವ ಮೆಡಾಕ ಎಂಬ ಪುಟ್ಟ ಮೀನಿನಲ್ಲಿ ತೋರಿಸಿದನು.

ನಿಯಮ ಸರಳವಾದುದು. ಪ್ರತಿಯೊಂದು ಗುಣಕ್ಕೂ ಜೀವಿಯಲ್ಲಿ ಸಾಮಾನ್ಯವಾಗಿ ಎರಡು ವಂಶವಾಹಿಗಳಿರುತ್ತವೆ. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಒಂದು ಕೋಣೆಯಲ್ಲಿ ಎರಡು ದೀಪಗಳಿವೆಯೆಂದು ಭಾವಿಸೋಣ. ಒಂದು ಆರಿಹೋದರೂ ಇನ್ನೊಂದು ಉರಿಯುತ್ತಿದ್ದರೆ ಕೋಣೆ ಬೆಳಕಾಗಿಯೇ ಇರುತ್ತದೆ. ಹೊರಗೆ ನಿಂತವನಿಗೆ ಉರಿಯುವ ದೀಪ ಒಂದೋ ಎರಡೋ ತಿಳಿಯುವುದಿಲ್ಲ. ಕಪ್ಪು ವರ್ಣದ್ರವ್ಯವನ್ನು ಉಂಟುಮಾಡುವ ವಂಶವಾಹಿಯೂ ಹೀಗೆಯೇ. ಎರಡರಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಸಾಕಾದಷ್ಟು ಕಪ್ಪನ್ನು ಒದಗಿಸುತ್ತದೆ. ಎರಡೂ ಕೆಟ್ಟಾಗ ಮಾತ್ರ ಮೈ ಬಿಳಿಚುತ್ತದೆ. ಕಣ್ಣಿನೊಳಗಿನ ರಕ್ತದ ಕೆಂಪು ಹೊರಗೆ ಕಾಣುತ್ತದೆ. ಇಂತಹ ಮೀನನ್ನು ಆಲ್ಬಿನೊ ಎನ್ನುತ್ತಾರೆ. ಬೂದುಬಣ್ಣವು ಇಲ್ಲಿ ಪ್ರಬಲಗುಣ, ಕೆಂಗಣ್ಣು ದುರ್ಬಲಗುಣ. ತಾನು ಬೂದಾಗಿದ್ದು ಒಳಗೆ ಒಂದು ಕೆಂಗಣ್ಣಿನ ವಂಶವಾಹಿಯನ್ನು ಹೊತ್ತಿರುವ ಮೀನನ್ನು ನಾವು ಗುಪ್ತವಾಹಿಯೆಂದು ಕರೆಯೋಣ.

ಎರಡು ಗುಪ್ತವಾಹಿಗಳು ಕೂಡಿದರೆ ನಾಲ್ಕು ಮರಿಗಳಲ್ಲಿ ಸರಾಸರಿ ಒಂದು ಶುದ್ಧ ಬೂದು, ಎರಡು ಗುಪ್ತವಾಹಿ, ಒಂದು ಕೆಂಗಣ್ಣಿನದು. ನಮ್ಮ ಇಪ್ಪತ್ತನಾಲ್ಕರಲ್ಲಿ ಆರು ಕೆಂಗಣ್ಣಿನವು ಬರಬೇಕಾಗಿತ್ತು, ಐದು ಬಂದುವು. ಇದು ಕವಡೆಯಾಟದ ಲೆಕ್ಕವಾದುದರಿಂದ ಅಷ್ಟು ವ್ಯತ್ಯಾಸ ಸಹಜ. ಉಳಿದ ಬೂದು ಮರಿಗಳಲ್ಲಿ ಮೂರಕ್ಕೆ ಎರಡರಂತೆ ಗುಪ್ತವಾಹಿಗಳಿರಬೇಕೆಂಬುದನ್ನೂ ಗಮನಿಸಿರಿ. ಅವುಗಳಲ್ಲಿ ಯಾವುದು ಶುದ್ಧ, ಯಾವುದು ಗುಪ್ತವಾಹಿ? ಭೂತಗನ್ನಡಿ ಹಿಡಿದು ನೋಡಿದರೂ ತಿಳಿಯದು. ಮರಿಯನ್ನು ಕೇಳಿ ತಿಳಿಯಬೇಕು. ಅಂದರೆ ಅದಕ್ಕೆ ಹುಟ್ಟುವ ಮರಿಗಳನ್ನು ನೋಡಬೇಕು.

ಇದಕ್ಕೆ ಅತ್ಯುತ್ತಮವಾದ ಮಾರ್ಗವೆಂದರೆ ಸಂದೇಹಕ್ಕೊಳಗಾದ ಮೀನನ್ನು ಕೆಂಗಣ್ಣಿನ ಮೀನಿನೊಡನೆಯೇ ಕೂಡಿಸುವುದು. ಕೆಂಗಣ್ಣಿನ ಮೀನು ಕೊಡಬಲ್ಲುದು ಕೆಟ್ಟ ವಂಶವಾಹಿಯೊಂದನ್ನೇ. ಆದುದರಿಂದ ಮರಿಯ ಬಣ್ಣವು ಸಂದೇಹದ ಮೀನು ಏನನ್ನು ಕೊಟ್ಟಿತೆಂಬುದನ್ನು ನೇರವಾಗಿ ಹೇಳಿಬಿಡುತ್ತದೆ. ಆ ಮೀನು ಶುದ್ಧವಾಗಿದ್ದರೆ ಮರಿಗಳೆಲ್ಲ ಬೂದು. ಗುಪ್ತವಾಹಿಯಾಗಿದ್ದರೆ ಸುಮಾರು ಅರ್ಧ ಕೆಂಗಣ್ಣಿನವು.

ಎಷ್ಟು ಮರಿಗಳನ್ನು ನೋಡಿ ತೀರ್ಪು ಕೊಡಬೇಕು? ಕೆಂಗಣ್ಣಿನ ಮರಿ ಒಂದೇ ಒಂದು ಹುಟ್ಟಿದರೂ ವಿಚಾರಣೆ ಮುಗಿದಂತೆ. ಆದರೆ ಎಲ್ಲವೂ ಬೂದಾದರೆ ಅವಸರ ಕೂಡದು. ಗುಪ್ತವಾಹಿಯೊಂದು ಕೇವಲ ಅದೃಷ್ಟದಿಂದ ಐದು ಬೂದು ಮರಿಗಳನ್ನೇ ಪಡೆಯುವ ಸಂಭವ ೩೨ರಲ್ಲಿ ೧. ಏಳನ್ನು ಪಡೆಯುವ ಸಂಭವ ೧೨೮ರಲ್ಲಿ ೧. ಹತ್ತನ್ನು ಪಡೆಯುವ ಸಂಭವ ೧೦೨೪ರಲ್ಲಿ ೧. ಹತ್ತು ಮರಿಗಳೂ ಬೂದಾಗಿದ್ದರೆ ಆ ಮೀನನ್ನು ಶುದ್ಧವೆಂದು ಧೈರ್ಯವಾಗಿ ಇಟ್ಟುಕೊಳ್ಳಬಹುದು. ಇದಕ್ಕೆ ಬದಲಾಗಿ ಅದನ್ನು ಗುಪ್ತವಾಹಿಯೆಂದು ಖಚಿತವಾಗಿ ಗೊತ್ತಿರುವ ಬೂದು ಮೀನಿನೊಡನೆ ಕೂಡಿಸಿದರೆ ಪರೀಕ್ಷೆ ಮಂದವಾಗುತ್ತದೆ: ಹತ್ತು ಮರಿಗಳಲ್ಲಿಯೂ ಸತ್ಯ ಹೊರಬೀಳದಿರುವ ಸಂಭವ ನೂರಕ್ಕೆ ಐದಾರು, ನೂರಕ್ಕೆ ಒಂದಕ್ಕೆ ಇಳಿಸಬೇಕಾದರೆ ಹದಿನಾರು ಮರಿಗಳು ಬೇಕು. ಒಡಹುಟ್ಟಿದ ಎರಡು ಬೂದು ಮರಿಗಳನ್ನು ಗೊತ್ತಿಲ್ಲದೆ ಆರಿಸಿ ಕೂಡಿಸುವುದಂತೂ ಕತ್ತಲೆಯಲ್ಲಿ ಕಲ್ಲೆಸೆದಂತೆ. ಎರಡೂ ಗುಪ್ತವಾಹಿಗಳಾಗಿರುವ ಸಂಭವ ಒಂಬತ್ತರಲ್ಲಿ ನಾಲ್ಕು ಮಾತ್ರ.

ಕೆಂಗಣ್ಣಿನ ಮೀನೇ ದೊರೆಯದಿದ್ದರೆ? ಆಗ ಸಂದೇಹದ ಗಂಡನ್ನು ಬೇರೆ ವಂಶದ ಶುದ್ಧ ಹೆಣ್ಣಿಗೆ ಕೂಡಿಸಿ, ಹುಟ್ಟಿದ ಹೆಣ್ಣು ಮರಿಗಳು ಬೆಳೆದ ಮೇಲೆ ಅವುಗಳೊಡನೆ ಮತ್ತೆ ತಂದೆಯನ್ನೇ ಕೂಡಿಸಬೇಕು. ತಂದೆ ಗುಪ್ತವಾಹಿಯಾಗಿದ್ದರೆ ಹೆಣ್ಣು ಮರಿಗಳಲ್ಲಿ ಅರ್ಧವೂ ಗುಪ್ತವಾಹಿಗಳಾಗಿರುತ್ತವೆ. ಆರೇಳು ಹೆಣ್ಣುಗಳು ಪ್ರತಿಯೊಂದೂ ತುಂಬ ಮರಿಗಳನ್ನು ಹಾಕಿ, ಒಂದರಲ್ಲಿಯೂ ಕೆಂಗಣ್ಣು ತೋರದಿದ್ದರೆ ತಂದೆಯ ಮೇಲಿನ ಸಂದೇಹವನ್ನು ಬಿಡಬಹುದು. ಈ ಹಾದಿಗೆ ತಿಂಗಳುಗಟ್ಟಲೆ ಕಾಲ, ಹಲವು ತೊಟ್ಟಿಗಳು ಬೇಕು.

ಲೆಕ್ಕ ಎಷ್ಟೇ ಸರಿಯಾಗಿದ್ದರೂ ಗಪ್ಪಿಯ ಸ್ವಭಾವವನ್ನು ಅರಿಯದವನ ಪರೀಕ್ಷೆ ವ್ಯರ್ಥ. ಈ ಹೆಣ್ಣು ಒಮ್ಮೆ ಕೂಡಿದ ಗಂಡಿನ ರೇತಸ್ಸನ್ನು ತಿಂಗಳುಗಟ್ಟಲೆ ತನ್ನೊಳಗೆ ಕಾಪಾಡಿಕೊಂಡು, ಹೊಸ ಗಂಡಿಲ್ಲದೆಯೇ ಹಲವು ಬಾರಿ ಮರಿಹಾಕಬಲ್ಲುದು. ಅಂಗಡಿಯಿಂದ ತಂದ ದೊಡ್ಡ ಹೆಣ್ಣಿನ ಮರಿಗಳಿಗೆ ತಂದೆ ಯಾರೆಂದು ನಿಶ್ಚಯವಾಗಿ ಹೇಳಲಾಗುವುದಿಲ್ಲ. ನಮ್ಮ ಐದು ಮರಿಗಳು ಹೆಣ್ಣಿನ ಗುಟ್ಟನ್ನು ಬಯಲುಮಾಡಿದುವೇ ಹೊರತು, ನಾವು ತಂದ ಗಂಡಿನ ವಿಷಯದಲ್ಲಿ ಏನನ್ನೂ ಹೇಳಿರಲಿಲ್ಲ. ಆದುದರಿಂದ ಪರೀಕ್ಷೆಗೆ ಕನ್ಯೆಯೇ ಆಗಬೇಕು. ಮರಿಗಳಿಗೆ ಮೂರು ವಾರವಾಗುತ್ತಲೇ ದಿನವೂ ನೋಡುತ್ತ, ಹೊಟ್ಟೆಯ ಕೆಳಗಿನ ಈಜುರೆಕ್ಕೆ ಕಡ್ಡಿಯಂತೆ ಚೂಪಾಗತೊಡಗಿದವುಗಳನ್ನು ಗಂಡೆಂದು ತಿಳಿದು ಒಡನೆಯೇ ಬೇರೆ ಮಾಡಬೇಕು. ಬೂದು ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆಯೊಂದು ಮೂಡುವುದರಿಂದ ಗುರುತಿಸುವುದು ಸುಲಭ. ಕೆಂಗಣ್ಣಿನದರಲ್ಲಿ ಆ ಕಪ್ಪೇ ಇಲ್ಲದುದರಿಂದ ರೆಕ್ಕೆಯನ್ನೇ ನಂಬಬೇಕು.

ಇನ್ನೊಂದು ಎಚ್ಚರಿಕೆ. ಮರಿಗಳನ್ನು ಹುಟ್ಟಿದ ದಿನವೇ ಎಣಿಸಿ ಬರೆದಿಡಬೇಕು. ತಾಯಿಯೇ ಮರಿಗಳನ್ನು ತಿನ್ನುವುದುಂಟು. ಕೆಂಗಣ್ಣಿನ ಮರಿಗಳು ಹೆಚ್ಚು ಬಲಹೀನವಾಗಿ ಬೇಗ ಸಾಯುವುದೂ ಉಂಟು. ವಾರದ ಮೇಲೆ ಎಣಿಸಿದವನು ಬದುಕಿದವುಗಳನ್ನು ಎಣಿಸುತ್ತಾನೆಯೇ ಹೊರತು ಹುಟ್ಟಿದವುಗಳನ್ನಲ್ಲ.

ಮೈ ತೆಳುಬಣ್ಣವಾದ ಮೀನುಗಳೆಲ್ಲ ಒಂದೇ ಜಾತಿಯವೆಂದೂ ತಿಳಿಯಬಾರದು. ಗಪ್ಪಿಯಲ್ಲಿ ಕಣ್ಣು ಕಪ್ಪಾಗಿಯೇ ಇದ್ದು ಮೈ ಮಾತ್ರ ಹೊಂಬಣ್ಣಕ್ಕೆ ತಿರುಗುವ ದುರ್ಬಲಗುಣಗಳೂ ಇವೆ; ಅವುಗಳ ವಂಶವಾಹಿಗಳು ಬೇರೆ. ಅಂತಹುದೊಂದನ್ನು ಕೆಂಗಣ್ಣಿನದಕ್ಕೆ ಕೂಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿ, ಮರಿಗಳೆಲ್ಲ ಬೂದಾಗಿ ಹುಟ್ಟುತ್ತವೆ. ಇನ್ನು ಗಂಡಿನ ಚಿತ್ತಾರದ ವಿಷಯವೇ ಬೇರೆ. ಅಂತಹ ಒಂದು ಚುಕ್ಕೆಯು ತಂದೆಯಿಂದ ಗಂಡು ಮರಿಗೆ ಮಾತ್ರ ಇಳಿದುಬರುವುದನ್ನು ಡೆನ್ಮಾರ್ಕಿನ ಯೊಹಾನೆಸ್ ಷ್ಮಿಟ್ ೧೯೨೦ರಲ್ಲಿ ತೋರಿಸಿದನು. ಅದು ಹೆಣ್ಣಿನಲ್ಲಿ ಕಾಣದಿರುವುದಕ್ಕೆ ದುರ್ಬಲತೆ ಕಾರಣವಲ್ಲ.

ಗುಪ್ತವಾಹಿಗಳು ಸಿಕ್ಕಿದ ಮೇಲೆ ಅವುಗಳನ್ನೆಲ್ಲ ಎಸೆಯಬೇಕೆಂದೂ ಇಲ್ಲ. ಹಾಗೆ ಮಾಡುತ್ತ ಹೋದರೆ ವಂಶ ಕಿರಿದಾಗಿ, ನೆಂಟರೊಡನೆಯೇ ನೆಂಟರು ಕೂಡಿ, ಅಡಗಿದ್ದ ಬೇರೆ ದೋಷಗಳು ತಲೆಯೆತ್ತುತ್ತವೆ. ಯಾವುದು ಏನನ್ನು ಹೊತ್ತಿದೆಯೆಂಬುದನ್ನು ಪುಸ್ತಕದಲ್ಲಿ ಬರೆದಿಟ್ಟು, ಕೊಳ್ಳುವವನಿಗೆ ಮುಚ್ಚುಮರೆಯಿಲ್ಲದೆ ಹೇಳಿದರೆ ಸಾಕು.

ಮೀನಿನ ಮಾತನ್ನು ಮುಗಿಸುವ ಮುನ್ನ ಮನೆಯ ಮಾತೊಂದನ್ನು ಹೇಳಬೇಕಾಗಿದೆ. ಕೂದಲು, ಮೈ, ಕಣ್ಣು ಮೂರರಲ್ಲಿಯೂ ಬಣ್ಣವಿಲ್ಲದ ಮಗು ಹುಟ್ಟಿದಾಗ ನಮ್ಮಲ್ಲಿ ಮೊದಲು ಬೆರಳು ತೋರುವುದು ತಾಯಿಯ ಕಡೆಗೆ. ಗ್ರಹಣದಲ್ಲಿ ಹೊರಗೆ ಬಂದಳೆನ್ನುತ್ತಾರೆ. ಅದಕ್ಕಿಂತ ಹೀನವಾದ ಮಾತುಗಳನ್ನೂ ಆಡುತ್ತಾರೆ. ಆದರೆ ಮನುಷ್ಯನಲ್ಲಿಯೂ ಈ ಗುಣ ದುರ್ಬಲವಾದುದೇ. ತಂದೆ ತಾಯಿಗಳಿಬ್ಬರೂ ಸಮನಾಗಿ ಕೊಡದೆ ಅದು ಬಾರದು. ನಮ್ಮ ನಾಡಿನಲ್ಲಿ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ವಾಡಿಕೆ ಹಿಂದಿನಿಂದ ಬಂದಿದೆ. ಮಾವನು ತನ್ನ ಹೆತ್ತವರಿಂದ ಇಂತಹುದೊಂದು ವಂಶವಾಹಿಯನ್ನು ಪಡೆದು ಗುಪ್ತವಾಗಿ ಹೊತ್ತಿದ್ದರೆ, ಅದೇ ವಂಶವಾಹಿ ಅಕ್ಕನಿಗೆ ಬಂದಿರುವ ಸಂಭವ ಎರಡರಲ್ಲಿ ಒಂದು, ಅಕ್ಕನ ಮಗಳಿಗೆ ನಾಲ್ಕರಲ್ಲಿ ಒಂದು. ಅವರ ಮಗುವಿನಲ್ಲಿ ಅದು ವ್ಯಕ್ತವಾಗುವ ಸಂಭವ ಹದಿನಾರರಲ್ಲಿ ಒಂದು. ಹೊರಗಿನ ಸಂಬಂಧದಲ್ಲಿ ಇದು ಬಹಳ ಕಡಮೆ. ಮೀನಿಗೆ ಮಾಡುವ ಪರೀಕ್ಷೆಯನ್ನು ಮನುಷ್ಯರಿಗೆ ಮಾಡುವಂತಿಲ್ಲ. ಆದರೆ ಈಗ ರಕ್ತದ ಪರೀಕ್ಷೆಯಿಂದಲೇ ಅನೇಕ ಗುಪ್ತ ದೋಷಗಳನ್ನು ಕಂಡುಹಿಡಿಯುವ ವೈದ್ಯರಿದ್ದಾರೆ. ಮದುವೆಗೆ ಮುಂಚೆ ಜಾತಕವನ್ನು ನೋಡಿಸುವ ಹಿರಿಯರು ಅವರನ್ನೂ ಒಮ್ಮೆ ಕಂಡರೆ ನಷ್ಟವಿಲ್ಲ.

ಆ ಅಂಗಡಿಯವನ ಬಳಿಗೆ ನಾವು ಮರುವಾರ ಹೋಗಿ, ನಾಲ್ಕು ಜನರೆದುರಿಗೇ ತಪ್ಪೊಪ್ಪಿಕೊಂಡೆವು. ಪರೀಕ್ಷೆಗೆಂದು ಕೆಂಗಣ್ಣಿನ ಕನ್ಯೆಯೊಂದನ್ನು ಆತನೇ ಆರಿಸಿಕೊಟ್ಟನು.